ಸಣ್ಣಗಾದ್ರೆ ‘ಶುಗರ್ ಬಂತಾ?’ ಅಂತ ಕೇಳುವವರಿಗೆ



ಕಳೆದ ತಿಂಗಳು ಕಾರ್ಯಕ್ರಮವೊಂದರ ಫೋಟೊ ಹಾಕಿದ್ದೆ. ವೇದಿಕೆ ಮೇಲೆ ಯಾರು ಏನು ಮಾತಾಡಿದರು ಅಂತ ಒಬ್ಬರೂ ಕೇಳಲಿಲ್ಲ. ಬಂದ ಪ್ರಶ್ನೆ ಒಂದೇ: “ಅಕ್ಕಾ, ಯಾಕಿಷ್ಟು ಇಳಿದುಹೋಗಿದ್ದೀರಿ? ಶುಗರ್ ಬಂತಾ?” ಹಿರಿಯರೊಬ್ಬರಂತೂ ಫೋನ್ ಮಾಡಿ, “ಮನೇಲಿ ಎಲ್ಲ ಸರಿ ಇದೆ ತಾನೇ ಅಮ್ಮಾ?” ಅಂತ ಮೆತ್ತಗೆ ವಿಚಾರಿಸಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡೋ ಬದಲು ಇಲ್ಲೇ ಬರೀತಿದ್ದೀನಿ. ಉದ್ದ ಇದೆ, ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ.

ಕೇಳಿದವರ ಮೇಲೆ ನನಗೆ ಕೋಪ ಇಲ್ಲ. ನಮ್ಮ ಕೇರಿಗಳಲ್ಲಿ ಮೈ ಇಳಿಯೋದು ಯಾವತ್ತೂ ಒಳ್ಳೆ ಸುದ್ದಿ ಆಗಿರಲಿಲ್ಲ. ಟಿಬಿ ಇರಬೇಕು, ಗಂಡನ ಕುಡಿತ ಇರಬೇಕು, ಸಂಘದ ಸಾಲದ ಕಂತು ಇರಬೇಕು, ಇಲ್ಲಾ ಮನೇಲಿ ಅಕ್ಕಿ ಮುಗಿದಿರಬೇಕು. ಮೈ ತುಂಬಿಕೊಂಡಿದ್ರೆ “ಚೆನ್ನಾಗಿದಾಳೆ” ಅಂತ ಅರ್ಥ. ನನ್ನಮ್ಮ ಈಗಲೂ ನನ್ನ ಮುಂಗೈ ಹಿಡಿದು ನೋಡಿ “ಸೊರಗಿ ಹೋಗಿದ್ಯಲ್ಲೇ” ಅಂತ ಕಣ್ಣಲ್ಲಿ ನೀರು ತಂದ್ಕೋತಾಳೆ. ಅವಳ ಕಾಲದಲ್ಲಿ ಸಣ್ಣಗಾಗೋಕೆ ಯಾರೂ ದುಡ್ಡು ಕೊಡಬೇಕಿರಲಿಲ್ಲ, ಅದು ಬಿಟ್ಟಿಯಾಗೇ ಸಿಗ್ತಿತ್ತು.

ಅಮ್ಮನ ಭಯದಲ್ಲಿ ವೈದ್ಯಕೀಯವಾಗಿಯೂ ಸತ್ಯ ಇದೆ. ಊಟ ಬಿಡದೆ, ನಡಿಗೆ ಹೆಚ್ಚಿಸದೆ ತೂಕ ತಾನಾಗೇ ಇಳೀತಿದ್ರೆ ಅದು ಶುಗರ್ ಅಥವಾ ಟಿಬಿಯ ಗುರುತು ಆಗಿರಬಹುದು. ಅಂಥವರನ್ನ ಕಂಡ್ರೆ “ಅಬ್ಬಾ ಸ್ಲಿಮ್ ಆಗಿದ್ದೀಯ” ಅನ್ನಬೇಡಿ, ಕೈ ಹಿಡಿದು ಪರೀಕ್ಷೆಗೆ ಕರ್ಕೊಂಡು ಹೋಗಿ. ನಮ್ಮ ಕ್ಲಿನಿಕ್‌ಗಳಲ್ಲಿ ಶುಗರ್, ಬಿಪಿ ನೋಡೋದಕ್ಕೆ ದುಡ್ಡು ತಗೊಳ್ಳಲ್ಲ.

ಇನ್ನು ನನ್ನ ವಿಷಯ. ನಾನು ಬೇಕು ಅಂತಲೇ ಇಳಿಸಿದ್ದು. ಎತ್ತರ ಐದಡಿ ಒಂದಿಂಚು, ತೂಕ 78 ಕಿಲೊ ಇತ್ತು. ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.3 ಬಂತು. 6.5 ಆದ್ರೆ ಸಕ್ಕರೆ ಕಾಯಿಲೆ. ಅಂದ್ರೆ ಹೊಸ್ತಿಲ ಮೇಲೆ ಒಂದು ಕಾಲು ಇಟ್ಟಾಗಿತ್ತು. ಎಂಟು ತಿಂಗಳಾದ ಮೇಲೆ ಈಗ 71 ಕಿಲೊ, ಎಚ್‌ಬಿಎ1ಸಿ 5.8. ಲೆಕ್ಕದಲ್ಲಿ ನಾನಿನ್ನೂ ದಪ್ಪವೇ. ಇಂದಿರಾನಗರದ 100 ಅಡಿ ರಸ್ತೆಯ ಜಿಮ್‌ನವರು ನನ್ನ ಫೋಟೊನ ‘ಆಫ್ಟರ್’ ಅಂತ ಹಾಕಲ್ಲ, ‘ಬಿಫೋರ್’ ಅಂತಲೇ ಹಾಕ್ತಾರೆ.

ಆ ಬಿಫೋರ್-ಆಫ್ಟರ್ ಫೋಟೊಗಳನ್ನ ಯಾವತ್ತಾದ್ರೂ ಸರಿಯಾಗಿ ನೋಡಿದ್ದೀರಾ? ಬಿಫೋರ್‌ನಲ್ಲಿ ಮುಖ ಜೋತುಬಿದ್ದಿರುತ್ತೆ, ಬೆಳಕು ಮಂಕು, ಬಣ್ಣ ಕಪ್ಪು. ಆಫ್ಟರ್‌ನಲ್ಲಿ ಹೊಟ್ಟೆಯ ಜೊತೆ ಕಪ್ಪೂ ಇಳಿದಿರುತ್ತೆ! ಕೊಬ್ಬು ಕರಗಿದ್ರೆ ಬಿಳುಪು ಬರುತ್ತೆ ಅಂತ ಯಾವ ಡಾಕ್ಟರ್ ಹೇಳಿದ್ರೋ. ಆ ಜಾಹೀರಾತುಗಳ ಪ್ರಕಾರ ನಮ್ಮಮ್ಮ, ನಮ್ಮತ್ತೆ, ನಮ್ಮ ಕೇರಿಯ ಅರ್ಧ ಜನ ಹುಟ್ಟಿನಿಂದಲೇ ‘ಬಿಫೋರ್’. ಇಂಥ ಕನ್ನಡಿ ಮುಂದೆ ನಿಂತು ಹುಮ್ಮಸ್ಸು ತಂದ್ಕೊ ಅಂದ್ರೆ ಎಲ್ಲಿಂದ ಬರುತ್ತೆ? ನಮ್ಮ ಹೆಣ್ಣುಮಕ್ಕಳು ಮೂರು ವಾರಕ್ಕೆ ಕೈಬಿಡೋದಕ್ಕೆ ಸೋಮಾರಿತನ ಕಾರಣ ಅಲ್ಲ. ಅಳೆಯೋ ಕೋಲೇ ನಮ್ಮದಲ್ಲ.

ಹಾಗಾಗಿ ನಾನು ನನ್ನವೇ ಅಳತೆಗಳನ್ನ ಇಟ್ಕೊಂಡೆ.

ಮೊದಲನೇದು ರವಿಕೆ. ಟೈಲರ್‌ಗಳು ಬ್ಲೌಸಿನ ಎರಡೂ ಪಕ್ಕ ಒಳಗಡೆ ಹೆಚ್ಚುವರಿ ಬಟ್ಟೆ ಬಿಟ್ಟು ಮೂರು ಸಾಲು ಹೊಲಿಗೆ ಹಾಕಿರ್ತಾರಲ್ಲ, ಹೆಂಗಸರಿಗೆಲ್ಲ ಗೊತ್ತು. ಮೈ ಬಂದ ಹಾಗೆಲ್ಲ ಒಂದೊಂದೇ ಸಾಲು ಬಿಚ್ಚೋದು. ನನ್ನ ಬ್ಲೌಸುಗಳಲ್ಲಿ ಮೂರೂ ಬಿಚ್ಚಿ ಆಗಿತ್ತು. ಬಿಚ್ಚೋಕೆ ಇನ್ನೇನೂ ಉಳಿದಿರಲಿಲ್ಲ. ಮೂರನೇ ತಿಂಗಳಲ್ಲಿ ತಿಪ್ಪಸಂದ್ರ ಮಾರ್ಕೆಟ್ ಹತ್ತಿರದ ನಮ್ಮ ಟೈಲರಮ್ಮನ ಹತ್ರ ಹೋಗಿ ಒಂದು ಸಾಲು ಹಿಡಿಸ್ಕೊಂಡು ಬಂದೆ. ಮೊನ್ನೆ ಎರಡನೇದು. ಒಂದು ಬ್ಲೌಸಿಗೆ ಇಪ್ಪತ್ತು ರೂಪಾಯಿ. ನನ್ನ ಪಾಲಿಗೆ ಇದಕ್ಕಿಂತ ನಂಬಿಕಸ್ಥ ಯಂತ್ರ ಇನ್ನೊಂದಿಲ್ಲ.

ಯಾಕಂದ್ರೆ ತೂಕದ ಮಿಷನ್ ಏಳು ವಾರ 74ರಲ್ಲೇ ನಿಂತುಬಿಟ್ಟಿತ್ತು. ಒಂದು ಗ್ರಾಂ ಆಚೀಚೆ ಇಲ್ಲ. ಅದೇ ಏಳು ವಾರದಲ್ಲಿ ಸೊಂಟದ ಸುತ್ತಳತೆ 4 ಸೆಂಟಿಮೀಟರ್ ಇಳೀತು. ಮೊದಲ ವಾರ ಎರಡು ಕಿಲೊ ದಬಕ್ ಅಂತ ಇಳಿದಿದ್ದೂ ಕೊಬ್ಬಲ್ಲ, ಬಹುಪಾಲು ನೀರು. ದೇಹ ಕೂಡಿಟ್ಟುಕೊಂಡ ಪಿಷ್ಟದ ಜೊತೆ ನೀರನ್ನೂ ಹಿಡಿದಿಟ್ಟಿರುತ್ತೆ. ಊಟ ಕಡಿಮೆ ಆದ ಕೂಡಲೇ ಅದು ಖಾಲಿಯಾಗುತ್ತೆ. ಮುಟ್ಟಿನ ಮುಂಚಿನ ನಾಲ್ಕು ದಿನ ಒಂದೂವರೆ ಕಿಲೊ ಏರೋದೂ ನೀರೇ. ಉಪ್ಪಿನಕಾಯಿ ಜಾಸ್ತಿ ತಿಂದ ಮಾರನೇ ದಿನ ಏರೋದೂ ನೀರೇ. ಇಂಥ ಮಿಷನ್ ನಂಬಿ ದಿನಾ ಬೆಳಿಗ್ಗೆ ಖುಷಿ ಪಡೋದು, ಅಳೋದು ಎರಡೂ ದಂಡ. ತಿಂಗಳಿಗೊಮ್ಮೆ ಹತ್ತಿದ್ರೆ ಸಾಕು.

ಇದನ್ನ ನನ್ನ ಅನುಭವ ಅಂತ ತಳ್ಳಿಹಾಕಬೇಡಿ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳ ಫೋಟೊ ಬಂದಿತ್ತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಇಬ್ಬರದೂ ಬಿಎಂಐ 22.3. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳೋ ಲೆಕ್ಕ ಅದು. ಆದರೆ ಮೈಯೊಳಗಿನ ಕೊಬ್ಬು ಅಳೆದಾಗ ಯುಡ್ಕಿನ್‌ಗೆ ಶೇ 9.1, ನಮ್ಮವರಿಗೆ ಶೇ 21.2! ನೋಡೋಕೆ ಸಣ್ಣ, ಒಳಗೆ ಕೊಬ್ಬು. ಅದಕ್ಕೇ ನಮ್ಮ ದೇಶದವರಿಗೆ ಅಳತೆ ಬಿಗಿ: ಬಿಎಂಐ 23 ದಾಟಿದ್ರೆ ಎಚ್ಚರ, 25 ದಾಟಿದ್ರೆ ಬೊಜ್ಜು. ಸೊಂಟ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90. ಟೇಪು ಹತ್ತು ರೂಪಾಯಿಗೆ ಸಿಗುತ್ತೆ. ನಂದು 98 ಇತ್ತು, ಈಗ 89.

ಇನ್ನೂ ಒಂದು ಮಾತು, ಹುಮ್ಮಸ್ಸು ಕಳ್ಕೊಂಡವರಿಗಾಗಿ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ಹೊಸ್ತಿಲ ಮೇಲಿದ್ದ 531 ಜನರನ್ನ ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ನಡಿಗೆ ಮತ್ತು ಊಟ ತಿದ್ದಿಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರೋ ಅಪಾಯ ಶೇ 28.5ರಷ್ಟು ತಗ್ಗಿತ್ತು. ಸ್ವಾರಸ್ಯ ಏನಪ್ಪಾ ಅಂದ್ರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ಮಿಷನ್ ಪ್ರಕಾರ ಅವರೆಲ್ಲ ಫೇಲು, ರಕ್ತದ ಪ್ರಕಾರ ಪಾಸು.

ಎರಡನೇ ಅಳತೆ ಕತ್ತು. ಇದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು.

ನನ್ನ ಕತ್ತಿನ ಹಿಂದೆ, ಮಡಿಕೆಗಳಲ್ಲಿ, ಕಪ್ಪಗೆ ದಪ್ಪಗೆ ಪಟ್ಟಿ ಇತ್ತು. ಮುಟ್ಟಿದ್ರೆ ಮಖಮಲ್ ಬಟ್ಟೆ ತರ. ಕಂಕುಳಲ್ಲೂ ಇತ್ತು. ಆಫೀಸಲ್ಲಿ ಟೀ ಹೊತ್ತಲ್ಲಿ ಒಬ್ಬರು, ನಾಲ್ಕು ಜನರ ಮುಂದೆ, ಕಾಳಜಿ ತೋರಿಸೋ ಧ್ವನಿಯಲ್ಲೇ ಹೇಳಿದ್ರು: “ಮೇಡಂ, ಸ್ನಾನ ಮಾಡುವಾಗ ಕಡಲೆಹಿಟ್ಟು ಹಾಕಿ ತಿಕ್ಕಿ, ಕೊಳೆ ಹೋಗುತ್ತೆ.” ಉಳಿದವರು ಟೀ ಲೋಟದೊಳಗೆ ನೋಡಿದ್ರು. ಕೊಳೆ ಅನ್ನೋ ಪದ ಬೇರೆಯವರಿಗೆ ಬರೀ ಪದ ಇರಬಹುದು. ನಮ್ಮಜ್ಜಿ ಕಾಲದಿಂದ ನಮ್ಮನ್ನ ಬಾವಿ ಹತ್ರ, ಹೋಟೆಲಿನ ಲೋಟದ ಹತ್ರ, ಅಡುಗೆಮನೆ ಹೊಸ್ತಿಲ ಹತ್ರ ತಡೆದಿದ್ದು ಅದೇ ಪದ. ಅವತ್ತು ರಾತ್ರಿ ಸೊರೆಕಾಯಿ ನಾರು ತಗೊಂಡು ಚರ್ಮ ಕಿತ್ತು ಬರೋ ಹಾಗೆ ತಿಕ್ಕಿದೆ. ಹೋಗಲಿಲ್ಲ. ಹೋಗೋದೂ ಇಲ್ಲ, ಯಾಕಂದ್ರೆ ಅದು ಕೊಳೆ ಅಲ್ಲ. ಅದರ ಹೆಸರು ಅಕಾಂಥೋಸಿಸ್ ನೈಗ್ರಿಕನ್ಸ್. ದೇಹ ಇನ್ಸುಲಿನ್ ಮಾತು ಕೇಳದೆ ಹೋದಾಗ ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾಗಿ ಆ ಜಾಗದ ಚರ್ಮ ದಪ್ಪ ಆಗುತ್ತೆ. ಸಕ್ಕರೆ ಕಾಯಿಲೆ ಬರೋದಕ್ಕೆ ಮುಂಚೆ ಕತ್ತಿನ ಮೇಲೆ ಅಂಟಿಸಿದ ನೋಟಿಸು ಅದು.

ನಿಮ್ಮ ಮನೆ ಮಕ್ಕಳ ಕತ್ತು ನೋಡಿ. ಹಾಸ್ಟೆಲ್‌ನಲ್ಲಿರೋ ಹುಡುಗಿಯರ ಕತ್ತು ನೋಡಿ. ಕಪ್ಪು ಪಟ್ಟಿ ಇದ್ರೆ ಸೋಪು ಕೊಡಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಐದನೇ ತಿಂಗಳಿಂದ ನನ್ನ ಕತ್ತಿನ ಚರ್ಮ ತೆಳುವಾಗ್ತಾ ಬಂತು. ಈಗ ಮುಟ್ಟಿದ್ರೆ ನುಣುಪು. ಬೆಳ್ಳಗಾದೆ ಅಂತ ಅಲ್ಲ ಕಣ್ರಪ್ಪ, ನನ್ನ ಬಣ್ಣ ನನ್ನದೇ, ಹಾಗೇ ಇದೆ. ಇನ್ಸುಲಿನ್ ಮಾತು ದೇಹಕ್ಕೆ ಕೇಳಿಸ್ತಾ ಇದೆ ಅಂತ. ಕಳೆದ ಎಂಟು ತಿಂಗಳಲ್ಲಿ ನನಗೆ ಅತಿ ಹೆಚ್ಚು ಬಲ ಕೊಟ್ಟಿದ್ದು ಈ ಒಂದು ಬದಲಾವಣೆ.

ಉಳಿದವು ಸಣ್ಣ ಪುಟ್ಟವು. ಮನೆ ಎರಡನೇ ಮಹಡಿ, 38 ಮೆಟ್ಟಿಲು. ಮೊದಲು ಮಧ್ಯದಲ್ಲಿ ಫೋನ್ ಬಂದ ಹಾಗೆ ನಟಿಸಿ ನಿಲ್ತಿದ್ದೆ. ಈಗ ನಿಲ್ಲಲ್ಲ. ಗೊರಕೆ ನಿಂತಿದೆ ಅಂತ ಮಗಳು ಹೇಳಿದ್ಲು. ಮಂಡಿ ನೋವು ಅರ್ಧ ಆಗಿದೆ. ಒಂದು ಕಿಲೊ ಇಳಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೊ ಕಡಿಮೆ ಆಗುತ್ತಂತೆ, ಹಾಗಾಗಿ ಆಶ್ಚರ್ಯ ಇಲ್ಲ. ಬಳೆ ಸೋಪಿಲ್ಲದೆ ಬಿಚ್ಚೋಕೆ ಬರುತ್ತೆ. 20 ಲೀಟರಿನ ನೀರಿನ ಕ್ಯಾನ್ ಎತ್ತಿಡೋಕೆ ಮಗನಿಗೆ ಕಾಯಲ್ಲ. ಮತ್ತೆ, ಘೋಷಣೆ ಕೂಗುವಾಗ ದಮ್ಮು ಸಾಕಾಗುತ್ತೆ! ಇದನ್ನ ಯಾವ ಜಿಮ್‌ನವರೂ ಅಳೆಯಲ್ಲ, ಆದರೆ ನಮ್ಮ ಕೆಲಸಕ್ಕೆ ಬೇಕಾಗಿರೋದು ಇದೇ.

ಘೋಷಣೆ ಅಂದಾಗ ನೆನಪಾಯ್ತು. ನಮ್ಮ ಚಳವಳಿ ಹುಟ್ಟಿದ್ದೇ ನಡಿಗೆಯಲ್ಲಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಗೆ ಜನರನ್ನ ನಡೆಸಿಕೊಂಡೇ ಹೋದದ್ದು. ಬೆಂಗಳೂರಲ್ಲೂ ಟೌನ್ ಹಾಲ್‌ನಿಂದ, ರೈಲ್ವೆ ಸ್ಟೇಷನ್‌ನಿಂದ ಮೆರವಣಿಗೆ ಹೊರಡ್ತಿತ್ತು. 2021ರ ಆದೇಶ ಬಂದ ಮೇಲೆ ಪ್ರತಿಭಟನೆ ಅಂದ್ರೆ ಫ್ರೀಡಂ ಪಾರ್ಕು ಮಾತ್ರ. ಬೆಳಿಗ್ಗೆ ಹತ್ತಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ್ರೆ ಸಾಯಂಕಾಲದವರೆಗೆ ಕೂತೇ ಇರೋದು. ನಡುನಡುವೆ ಟೀ, ಬೋಂಡಾ, ಮಧ್ಯಾಹ್ನ ಪಲಾವ್, ಮತ್ತೆ ಟೀ. ಸರ್ಕಾರ ನಮ್ಮ ರಸ್ತೆ ಕಿತ್ಕೊಂಡು ಕುರ್ಚಿ ಕೊಟ್ಟಿತು. ಇದನ್ನ ತಮಾಷೆಗೆ ಹೇಳ್ತಿಲ್ಲ. ನಮ್ಮ ಸಭೆಗಳ ಊಟದ ಪಟ್ಟಿ ಒಮ್ಮೆ ನೋಡಿ. ಮೈದಾ, ಎಣ್ಣೆ, ಸಕ್ಕರೆ, ಅನ್ನ. ಬೇಯಿಸಿದ ಕಡಲೆಕಾಯಿ, ಮೊಟ್ಟೆ ಕೊಡೋಕೆ ಏನು ಕಷ್ಟ?

ಊಟದ ವಿಷಯಕ್ಕೆ ಬಂದ್ರೆ, ನನಗೂ ಒಂದು ಕಡೆ ಡಯಟ್ ಚಾರ್ಟ್ ಕೊಟ್ಟಿದ್ರು. ಓಟ್ಸ್, ಕೀನ್ವಾ, ಪನೀರ್, ಬಾದಾಮಿ, ಗ್ರೀಕ್ ಯೋಗರ್ಟ್. ತಿಂಗಳಿಗೆ ನನ್ನ ಸಂಬಳದ ಕಾಲು ಭಾಗ. ಮಾಂಸದ ಕಾಲಂ ಖಾಲಿ, ‘ಸಾತ್ವಿಕವಾಗಿರಲಿ’ ಅಂತ ಕೆಳಗೊಂದು ಸಾಲು. ಮಡಚಿ ಬ್ಯಾಗಲ್ಲಿಟ್ಕೊಂಡು ಬಂದೆ. ಪ್ರೋಟೀನ್ ಬೇಕು ಅಂತ ಅವರೇ ಹೇಳ್ತಾರೆ. ನಮ್ಮ ತಾತ ಮುತ್ತಾತ ಉಳಿದಿದ್ದೇ ಪ್ರೋಟೀನ್‌ನಿಂದ. ದೊಡ್ಡ ಮಾಂಸ, ಒಣಮೀನು, ಬೋಟಿ, ಹುರುಳಿಕಟ್ಟು, ಅವರೆಕಾಳು, ಬಸ್ಸಾರು, ಮಸ್ಸೊಪ್ಪು. ಅದನ್ನ ನಾಚಿಕೆ ಅಂತ ಮಾಡಿದ್ರು. ಆಮೇಲೆ 2020ರ ಗೋಹತ್ಯೆ ನಿಷೇಧ ಕಾಯ್ದೆ ತಂದು 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಉಳಿದದ್ದೆಲ್ಲ ಅಪರಾಧ ಅಂತ ಮಾಡಿದ್ರು. 2021ರಲ್ಲಿ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡೋಕೂ ಕೆಲವು ಮಠಾಧೀಶರು ಅಡ್ಡ ಬಂದ್ರು. ಬಡವರ ತಟ್ಟೆಯಿಂದ ಅಗ್ಗದ ಪ್ರೋಟೀನ್ ಒಂದೊಂದೇ ತೆಗೆದು, ಕೊನೆಗೆ ಉಳಿದ ಅನ್ನದ ಗುಡ್ಡ ತೋರಿಸಿ “ನೀವು ಅನ್ನ ಜಾಸ್ತಿ ತಿಂತೀರಿ, ಅದಕ್ಕೇ ಬೊಜ್ಜು” ಅಂದ್ರೆ ಹೇಗೆ ಸ್ವಾಮಿ?

ಹಾಗಂತ ಅನ್ನಭಾಗ್ಯನ ಬೈಯೋರ ಜೊತೆ ನಾನು ಸೇರಲ್ಲ. 2013ರಲ್ಲಿ ಅದು ಬಂದಾಗ ಎಷ್ಟು ಮನೆಗಳ ಒಲೆ ಹತ್ತಿತು ಅಂತ ನಾನು ನೋಡಿದ್ದೀನಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಶೇ 30ರಷ್ಟು ಜನರಿಗೆ ತೂಕ ಜಾಸ್ತಿ, ಶೇ 17ರಷ್ಟು ಜನರಿಗೆ ತೂಕ ಕಡಿಮೆ, ಅರ್ಧದ ಹತ್ತಿರ ಜನಕ್ಕೆ ರಕ್ತ ಕಡಿಮೆ. ಒಂದೇ ಬೀದಿಯಲ್ಲಿ ಮೂರೂ ಸಿಗುತ್ತೆ. ಎಷ್ಟೋ ಸಲ ಒಂದೇ ಮೈಯಲ್ಲಿ ಎರಡು ಸಿಗುತ್ತೆ, ನನಗೂ ದಪ್ಪ ಇದ್ದಾಗಲೇ ರಕ್ತ ಕಡಿಮೆ ಇತ್ತು. ಅಕ್ಕಿ ಕೊಡಿ, ಜೊತೆಗೆ ಬೇಳೆ, ಮೊಟ್ಟೆ ಕೊಡಿ ಅಂತ ಕೇಳಬೇಕಾಗಿರೋದು ನಾವು.

ಮುದ್ದೆ ಬಗ್ಗೆಯೂ ಒಂದು ಮಾತು, ಯಾರಿಗೂ ಬೇಜಾರಾಗಬಾರದು. “ರಾಗಿ ತಿನ್ನೋರಿಗೆ ಶುಗರ್ ಬರಲ್ಲ” ಅನ್ನೋದು ಸುಳ್ಳು. ನಮ್ಮಮ್ಮ ಕೋಲಾರದ ಕಡೆಯಿಂದ ಬಂದು ಈ ಎಚ್‌ಎಎಲ್ 3ನೇ ಹಂತದ ಮನೆಗಳು ಏಳುವಾಗ ಗಾರೆ ಕೆಲಸ ಮಾಡಿದವಳು. ದಿನವೆಲ್ಲ ಮರಳು, ಇಟ್ಟಿಗೆ ಹೊತ್ತ ಮೈಗೆ ಎರಡು ಮುದ್ದೆ ಲೆಕ್ಕವೇ ಅಲ್ಲ. ಬಾಬಾಸಾಹೇಬರ ಪುಣ್ಯದಿಂದ ನಾನು ಫೈಲು ಹಿಡಿದು ಕುರ್ಚಿ ಮೇಲೆ ಕೂತೆ. ಕುರ್ಚಿ ಬಂತು, ಮುದ್ದೆಯ ಗಾತ್ರ ಮಾತ್ರ ಅಮ್ಮನ ಕಾಲದ್ದೇ ಉಳೀತು. ಈಗ ಒಂದು ಚಿಕ್ಕ ಮುದ್ದೆ, ಜೊತೆಗೆ ತಟ್ಟೆ ತುಂಬ ಸೊಪ್ಪು, ಕಾಳು, ವಾರಕ್ಕೆ ಮೂರು ದಿನ ಮಾಂಸ ಇಲ್ಲಾ ಮೀನು, ದಿನಕ್ಕೆರಡು ಮೊಟ್ಟೆ. ಟೀಗೆ ಸಕ್ಕರೆ ಇಲ್ಲ. ಇಷ್ಟೇ ನನ್ನ ಡಯಟ್.

ನಡಿಗೆಗೆ ಶಕ್ತಿ ಯೋಜನೆಯೇ ಸಾಕ್ಷಿ. ಶಿವಾಜಿನಗರದಿಂದ ಬರುವಾಗ ಇಂದಿರಾನಗರದಲ್ಲೇ ಇಳಿದು ಜೀವನ್ ಬಿಮಾ ನಗರದ ಮೇಲೆ ಮನೆಗೆ ನಡೀತೀನಿ. “ಸಿದ್ದರಾಮಯ್ಯ ಫ್ರೀ ಬಸ್ ಕೊಟ್ರೆ ಇವಳು ನಡೀತಾಳೆ” ಅಂತ ಅಮ್ಮ ಅಕ್ಕಪಕ್ಕದವರ ಹತ್ರ ದೂರು ಹೇಳ್ತಾಳೆ. ಅವಳ ಊರಲ್ಲಿ ಮೇಲಿನ ಕೇರಿ ಬಂದ್ರೆ ಚಪ್ಪಲಿ ಕೈಗೆ ಬರ್ತಿತ್ತು. ಅವಳ ಮಗಳು ಶೂ ಹಾಕ್ಕೊಂಡು, ಅವಳೇ ಕಲ್ಲು ಹೊತ್ತು ಕಟ್ಟಿದ ಮನೆಗಳ ಮುಂದೆ ಕೈ ಬೀಸ್ಕೊಂಡು ಹೋಗೋದು ನೋಡಿದ್ರೆ ಒಳಗೊಳಗೆ ಅವಳಿಗೆ ಖುಷಿ ಇದೆ ಅಂತ ನನ್ನ ಅನುಮಾನ.

“ಇದೆಲ್ಲ ಮಧ್ಯಮ ವರ್ಗದ ಚಟ, ಹೋರಾಟಕ್ಕೂ ಸೊಂಟದ ಸುತ್ತಳತೆಗೂ ಏನು ಸಂಬಂಧ?” ಅಂತ ಸಂಗಾತಿಯೊಬ್ಬರು ಕೇಳಿದ್ರು. ಸಂಬಂಧ ಇದೆ ಸಾರ್. ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ ಇತ್ತು. ಸಂವಿಧಾನದ ಕೆಲಸದ ನಡುವೆ 1948ರ ಹೊತ್ತಿಗೆ ಕಾಲು ನೋವು, ನಿದ್ದೆ ಇಲ್ಲದಿರೋದು ಅವರನ್ನ ಹಿಂಡುತ್ತಿತ್ತು. ಆಮೇಲೆ ಕಣ್ಣೂ ಮಂದವಾಯ್ತು. ಅದೇ ವರ್ಷ ಏಪ್ರಿಲ್ 15ರಂದು ಅವರು ಮದುವೆಯಾದದ್ದು ತಮಗೆ ಚಿಕಿತ್ಸೆ ಕೊಡ್ತಿದ್ದ ಡಾ. ಶಾರದಾ ಕಬೀರರನ್ನ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಧಮ್ಮ ದೀಕ್ಷೆ. ಎರಡು ತಿಂಗಳು ತುಂಬೋ ಮುಂಚೆ, ಡಿಸೆಂಬರ್ 6ಕ್ಕೆ ಹೋದ್ರು. 65 ವಯಸ್ಸು. ಪ್ರೊ. ಬಿ. ಕೃಷ್ಣಪ್ಪನವರು 1997ರಲ್ಲಿ ಹೋದಾಗ 58. ನಮ್ಮ ಚಳವಳಿಯನ್ನ ಅಷ್ಟು ಆಳವಾಗಿ ಓದಿದ ಡಿ.ಆರ್. ನಾಗರಾಜ್ 1998ರಲ್ಲಿ ಹೋದಾಗ ಬರೀ 44, ಈಗ ನನಗಿರೋ ವಯಸ್ಸು. ಒಬ್ಬೊಬ್ಬರ ಸಾವಿಗೂ ಒಂದೊಂದು ಕಾರಣ, ಎಲ್ಲವನ್ನೂ ಒಂದೇ ಗಂಟು ಕಟ್ಟಲ್ಲ. ಆದರೆ ಇನ್ನೊಂದು ಹತ್ತು ವರ್ಷ ಇವರೆಲ್ಲ ಇದ್ದಿದ್ರೆ ಅಂತ ನಾವು ಪ್ರತಿ ಡಿಸೆಂಬರಿನಲ್ಲೂ ಭಾಷಣ ಮಾಡ್ತೀವಲ್ಲ, ಆ ಭಾಷಣ ಮಾಡೋರ ಬಿಪಿ ಎಷ್ಟಿದೆ ಅಂತ ಯಾರಾದ್ರೂ ಕೇಳಿದ್ದೀರಾ? ಕಳೆದ ಮೂರು ವರ್ಷದಲ್ಲಿ ನಾನು ಮಣ್ಣಿಗೆ ಹೋಗಿಬಂದ ಕಾರ್ಯಕರ್ತರಲ್ಲಿ ನಾಲ್ಕು ಜನ ಐವತ್ತು ದಾಟಿರಲಿಲ್ಲ.

ಕೊನೇದು, ಹುಮ್ಮಸ್ಸು ಉಳಿಸ್ಕೊಳ್ಳೋದು ಹೇಗೆ ಅನ್ನೋದು. ಇದಕ್ಕೆ ನಮ್ಮ ಸಂಯುತ್ತ ನಿಕಾಯದಲ್ಲೇ ಒಂದು ಕತೆ ಇದೆ. ಕೋಸಲದ ರಾಜ ಪಸೇನದಿ ಒಂದು ದೋಣ ಅಕ್ಕಿಯ ಅನ್ನ ಉಂಡು, ಏದುಸಿರು ಬಿಡ್ತಾ ಬುದ್ಧನ ಹತ್ರ ಬಂದು ಕೂತ. ಬುದ್ಧ ಬೈಯಲಿಲ್ಲ, ಉಪವಾಸ ಮಾಡು ಅನ್ನಲಿಲ್ಲ. ಅಳತೆ ಅರಿತು ಉಂಡವನ ನೋವು ಕಡಿಮೆ, ಮುಪ್ಪು ನಿಧಾನ ಅನ್ನೋ ಅರ್ಥದ ನಾಲ್ಕು ಮಾತು ಹೇಳಿದರು. ರಾಜ ತನ್ನ ಹಿಂದೆ ನಿಂತಿದ್ದ ಸುದಸ್ಸನ ಅನ್ನೋ ಹುಡುಗನಿಗೆ, ದಿನಾ ನಾನು ಊಟಕ್ಕೆ ಕೂತಾಗ ಇದನ್ನ ಹೇಳು, ದಿನಕ್ಕೆ ನೂರು ಕಹಾಪಣ ಕೊಡ್ತೀನಿ ಅಂದ. (ಹುಡುಗ ಬ್ರಾಹ್ಮಣ. ದಕ್ಷಿಣೆ ಇಲ್ಲದೆ ಕೆಲಸ ಆಗಲಿಲ್ಲ ನೋಡಿ!) ರಾಜನ ಊಟ ಮೆಲ್ಲಮೆಲ್ಲಗೆ ಇಳೀತಾ ಒಂದು ನಾಳಿಗೆ ಬಂದು ನಿಂತಿತು. ಒಂದು ದಿನ ಅವನು ಹಗುರವಾದ ತನ್ನ ಮೈಯನ್ನ ಕೈಯಿಂದ ಸವರಿ ನೋಡ್ಕೊಂಡು ಸಂತೋಷಪಟ್ಟ ಅಂತ ಕತೆ.

ಎರಡೂವರೆ ಸಾವಿರ ವರ್ಷದ ಹಿಂದೆ ಒಬ್ಬ ರಾಜನಿಗೇ ಒಬ್ಬಂಟಿಯಾಗಿ ಆಗಲಿಲ್ಲ. ನೆನಪಿಸೋಕೆ ಪಕ್ಕದಲ್ಲಿ ಒಬ್ಬರು ಬೇಕಾಯ್ತು. ನಮಗೆ ನೂರು ಕಹಾಪಣ ಕೊಡೋ ಯೋಗ್ಯತೆ ಇಲ್ಲ, ಅಕ್ಕತಂಗಿಯರು ಇದ್ದಾರೆ. ನಮ್ಮ ಬೀದಿಯ ಐದು ಜನ ಸೇರ್ಕೊಂಡಿದ್ದೀವಿ. ಒಬ್ಬಳು ಪೌರಕಾರ್ಮಿಕೆ, ಇಬ್ಬರು ಮನೆಕೆಲಸದವರು, ಒಬ್ಬಳು ಅಂಗನವಾಡಿ ಟೀಚರ್, ಮತ್ತೆ ನಾನು. ಪೌರಕಾರ್ಮಿಕ ಅಕ್ಕ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಗುಡಿಸಿ ಬಂದಿರ್ತಾಳೆ, ಅವಳಿಗೆ ವಾಕಿಂಗ್ ಬೇಡ, ಕೂತ್ಕೊಂಡು ನಮ್ಮ ಲೆಕ್ಕ ಬರೀತಾಳೆ. ಅವಳ ತೂಕ 41 ಕಿಲೊ. ಅವಳದ್ದು ಏರಬೇಕು, ನಮ್ಮದು ಇಳಿಯಬೇಕು. ಅದಕ್ಕೆ ಮೊಟ್ಟೆ ತಂದಾಗ ಅವಳಿಗೆ ಮೂರು, ನಮಗೆ ಎರಡು.

ಹೊಸ ತಿಪ್ಪಸಂದ್ರ, ಕಗ್ಗದಾಸಪುರ, ಮಲ್ಲೇಶಪಾಳ್ಯ ಕಡೆಯ ಹೆಣ್ಣುಮಕ್ಕಳು ಬರೋದಾದ್ರೆ ಭಾನುವಾರ ಸಂಜೆ ಐದಕ್ಕೆ ಬನ್ನಿ. ಜಾಗ ಎಲ್ಲಿ ಅಂತ ಇನ್‌ಬಾಕ್ಸಲ್ಲಿ ಹೇಳ್ತೀನಿ. ಶೂ ಇಲ್ಲದಿದ್ರೂ ಪರವಾಗಿಲ್ಲ, ಪಟ್ಟಿ ಇರೋ ಚಪ್ಪಲಿ ಸಾಕು. ಟೇಪು ನನ್ನ ಬ್ಯಾಗಲ್ಲಿದೆ. ಗಂಡಸರು ನಿಮ್ಮ ನಿಮ್ಮ ಬೀದಿಯಲ್ಲಿ ಶುರು ಮಾಡ್ಕೊಳ್ಳಿ, 90 ಸೆಂಟಿಮೀಟರ್ ನೆನಪಿರಲಿ.

ಜೈಭೀಮ್.